ನಿಂತ ಸಿಪಾಯಿಯನ್ನು ಕೂರಿಸಿದ್ದು

ನಮ್ಮಲ್ಲಿ ದಸರಾಕ್ಕೆ ಗೊಂಬೆ ಇಡುವುದಿಲ್ಲ, ಕೂರಿಸುತ್ತೇವೆ. ನಿಂತ ಗೊಂಬೆಯಾದರೂ ಅಷ್ಟೇ, ಮಲಗಿದ ರಂಗನಾಥನಾದರೂ ಅಷ್ಟೇ, ‘ನಿಮ್ಮನೇಲಿ ಗೊಂಬೆ ಕೂರಿಸಿದ್ರಾ?’ ಅಂತಲೇ ಕೇಳುವುದು. ಈ ಮಾತಿನ ತಮಾಷೆ 47 ವರ್ಷ ನನಗೆ ಹೊಳೆದಿರಲಿಲ್ಲ. ಹೋದ ವರ್ಷ ಎರಡಿಂಚಿನ ಹಸಿರು ಪ್ಲಾಸ್ಟಿಕ್ ಸಿಪಾಯಿಯೊಬ್ಬನನ್ನು ಕುದುರೆ ಮೇಲೆ ಕೂರಿಸಲು ಮೂರು ರಾತ್ರಿ ಒದ್ದಾಡಿದ ಮೇಲೆ ಹೊಳೆಯಿತು.

ಶುರುವಾದದ್ದು ಸಿನಿಮಾದಿಂದ. ಗಣೇಶನ ಹಬ್ಬಕ್ಕೆ ಮುಂಚಿನ ಭಾನುವಾರ ಹನುಮಂತನಗರದ ಅಮ್ಮನ ಮನೆಯಲ್ಲಿ ಊಟ ಮುಗಿಸಿ ಅಡ್ಡಾಗಿದ್ದೆ. ಟೀವಿಯಲ್ಲಿ ‘ಶ್ರೀ ಕೃಷ್ಣದೇವರಾಯ’ ಬರುತ್ತಿತ್ತು. 1970ರ ಚಿತ್ರ, ರಾಜ್‌ಕುಮಾರ್ ರಾಯರು, ನಿರ್ದೇಶನ ಮಾಡಿದ ಬಿ.ಆರ್. ಪಂತುಲು ಅವರೇ ತಿಮ್ಮರಸು. ಆರನೇ ಕ್ಲಾಸಿನ ನನ್ನ ತಂಗಿಯ ಮಗ ಮೊಬೈಲ್ ಕೆಳಗಿಟ್ಟು ನೋಡಿದ, ಅದೇ ದೊಡ್ಡ ಸಂಗತಿ. ನೋಡಿ ಮುಗಿದ ಮೇಲೆ ಒಂದೇ ಮಾತು: ‘ಮಾಮಾ, ಈ ಸಲ ಪಾರ್ಕ್ ಬೇಡ. ಇದನ್ನೇ ಮಾಡೋಣ.’

ಪಾರ್ಕ್ ಅಂದರೆ ಗೊಂಬೆ ಮೆಟ್ಟಿಲ ಕೆಳಗೆ ನೆಲದಲ್ಲಿ ಮಾಡುವುದು. ರಾಗಿ ಮೊಳಕೆ ಬರಿಸಿ ಹುಲ್ಲು ಮಾಡಿ, ಕನ್ನಡಿ ಚೂರಿಟ್ಟು ಕೆರೆ ಮಾಡಿ, ಅದರ ಪಕ್ಕ ಒಂದು ಹಸು, ಒಂದು ಬಸ್ಸು. ಎಲ್ಲರ ಮನೆಯಲ್ಲೂ ಅದೇ. ನನಗೂ ಬೇಜಾರಾಗಿತ್ತು. ಸರಿ, ರಾಯಚೂರು ಯುದ್ಧ ಮಾಡೋಣ ಅಂದೆ. 1520ರ ಮೇ ತಿಂಗಳು, ಆ ಕಡೆ ಇಸ್ಮಾಯಿಲ್ ಆದಿಲ್ ಶಾಹ, ಈ ಕಡೆ ರಾಯರು. ರಾಯರ ಕಡೆಗೆ 24 ರಾವುತರು. ಹಬ್ಬಕ್ಕೆ ಒಂದು ತಿಂಗಳಿತ್ತು. ದಿನಕ್ಕೊಬ್ಬ ರಾವುತನಾದರೂ ಆದಾನು ಅಂತ ಲೆಕ್ಕ ಹಾಕಿದೆ. ಆ ಲೆಕ್ಕದ ಬಗ್ಗೆ ಈಗ ಮಾತಾಡುವುದಿಲ್ಲ.

ಕುದುರೆ ಸವಾರರೇ ಸಿದ್ಧವಾಗಿ ಸಿಗಬಾರದೇ ಅಂತ ನೀವು ಕೇಳಬಹುದು. ಚನ್ನಪಟ್ಟಣದ ಕುದುರೆ ಮುದ್ದಾಗಿರುತ್ತದೆ, ಆದರೆ ಅದರ ಮುಖ ನೋಡಿದರೆ ಯುದ್ಧಕ್ಕೆ ಹೋಗುವುದಲ್ಲ, ತೊಟ್ಟಿಲ ಶಾಸ್ತ್ರಕ್ಕೆ ಹೋಗುವುದು. ಮಣ್ಣಿನ ಗೊಂಬೆಯವರಲ್ಲಿ ಇರುವ ಸವಾರ ಒಂದಡಿ ಎತ್ತರ, 24 ಜನ ನಿಂತರೆ ಹಾಲಿನಲ್ಲಿ ಮನುಷ್ಯರು ನಿಲ್ಲುವಂತಿಲ್ಲ. ಹಾಗಾಗಿ ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು, ತಳ್ಳುಗಾಡಿಗಳ ನಡುವೆ ನುಸುಳಿ ಮಾಮೂಲುಪೇಟೆಗೆ ಹೋದೆವು. ಒಂದು ಹೋಲ್‌ಸೇಲ್ ಅಂಗಡಿಯ ಮೇಲಟ್ಟದಿಂದ ಎರಡು ಪ್ಯಾಕೆಟ್ ಇಳಿಸಿದರು: ಒಂದರಲ್ಲಿ ಅಮೆರಿಕದ ಹೆಲ್ಮೆಟ್ಟು ಹಾಕಿದ ಹಸಿರು ಸಿಪಾಯಿಗಳು, ಇನ್ನೊಂದರಲ್ಲಿ ಕೌಬಾಯ್‌ಗಳು, ಕುದುರೆಗಳು. ‘ಎಷ್ಟು ಡಜನ್ ಹಾಕ್ಲಿ?’ ಅಂದರು. ತಲಾ ಒಂದೊಂದು ಪ್ಯಾಕೆಟ್ ಅಂದಾಗ ಅವರ ಮುಖದಲ್ಲಿದ್ದ ಬೆಳಕು ಆರಿತು.

ಅಳತೆಯ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಆಟದ ಸಿಪಾಯಿಗಳಲ್ಲಿ 54 ಮಿಲಿಮೀಟರ್ ಅನ್ನುವುದು ಹಳೆಯ ಅಳತೆ. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿಯವರು ಸೀಸವನ್ನು ಟೊಳ್ಳಾಗಿ ಎರಕ ಹೊಯ್ದು ಮಾರಲು ಶುರು ಮಾಡಿದ ಮೇಲೆ ಆ ಅಳತೆ ಗಟ್ಟಿಯಾಗಿ ನಿಂತಿತು. ನಮ್ಮ ಸಿಪಾಯಿಗಳೂ ಹೆಚ್ಚುಕಮ್ಮಿ ಅಷ್ಟೇ ಇದ್ದರು. ಕುದುರೆಗಳು ಸ್ವಲ್ಪ ಗಿಡ್ಡ. ಆದರೆ ಅರಬ್ಬಿ ಕುದುರೆಯೇನು ಆನೆ ಎತ್ತರವಲ್ಲವಲ್ಲ, ನಡೆಯುತ್ತದೆ ಅಂದುಕೊಂಡೆ.

ಮನೆಗೆ ಬಂದು ಎಲ್ಲರನ್ನೂ ಚಾಪೆ ಮೇಲೆ ಸುರಿದು ವಿಂಗಡಿಸಿದೆವು. ಇದು ಇಡೀ ಕೆಲಸದಲ್ಲಿ ಖುಷಿ ಕೊಟ್ಟ ಭಾಗ. ಗ್ರೆನೇಡ್ ಎಸೆಯಲು ಕೈ ಹಿಂದಕ್ಕೆತ್ತಿದವನ ಕೈಗೆ ಈಟಿ ಕೊಟ್ಟರೆ ಮುಗಿಯಿತು, ಅವನು ಹುಟ್ಟಿದ್ದೇ ವಿಜಯನಗರದಲ್ಲಿ. ನೆಲಬಾಂಬು ಹುಡುಕುವ ಕೋಲು ಹಿಡಿದವನ ಕೋಲು ಕತ್ತರಿಸಿ ಲಗಾಮು ಕೊಡಬಹುದು. ಪಿಸ್ತೂಲು ತೋರಿಸುವ ಆಫೀಸರನಿಗೆ ಖಡ್ಗ. ಬೈನಾಕ್ಯುಲರ್ ಹಿಡಿದವನು ಮಾತ್ರ ಯಾವ ಶತಮಾನಕ್ಕೂ ಸಲ್ಲದೆ ಡಬ್ಬಿಗೆ ವಾಪಸ್ಸು ಹೋದ. ಹೊಟ್ಟೆ ಮೇಲೆ ಮಲಗಿ ಗುರಿ ಇಟ್ಟವರು ಎಂಟು ಜನ. ಅವರನ್ನು ನೋಡಿ ಅಮ್ಮ, ‘ಇವರನ್ನ ಯಾರಪ್ಪಾ ಎಬ್ಬಿಸೋರು’ ಅಂದಳು.

ಎಲ್ಲರೂ ನಿಂತವರು, ಇಲ್ಲವೇ ಮಲಗಿದವರು. ಕೂತವನು ಒಬ್ಬನೂ ಇಲ್ಲ.

ಮೊದಲನೆಯ ರಾತ್ರಿ ಬಿಸಿನೀರು. ಕುದಿಯುವ ನೀರಿಗೆ ಸಿಪಾಯಿಯ ಸೊಂಟದ ಕೆಳಗನ್ನು ಅದ್ದಿ, ಮೆತ್ತಗಾದ ಕೂಡಲೇ ಕಾಲು ಅಗಲಿಸಿ, ಹಾಗೇ ತಣ್ಣೀರಲ್ಲಿ ಹಿಡಿದರೆ ಆಕಾರ ನಿಲ್ಲುತ್ತದೆ. ನಿಂತಿತು ಕೂಡ. ಅಮ್ಮನ ಜಾಲರಿ ಸೌಟಿನಲ್ಲಿ ಆರು ಜನರನ್ನು ಬೇಯಿಸಿ, ಕಾಲು ಅಗಲಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಆರೂ ಜನ ಅರ್ಧಕ್ಕರ್ಧ ಕಾಲು ಕೂಡಿಸಿಕೊಂಡಿದ್ದರು. ಈ ಮೆತ್ತನೆ ಪಾಲಿಥೀನಿಗೆ ನೆನಪಿನ ಶಕ್ತಿ ಜಾಸ್ತಿ, ಅಚ್ಚಿನಲ್ಲಿ ಹೇಗೆ ಹುಟ್ಟಿತೋ ಹಾಗೇ ಆಗಲು ನೋಡುತ್ತದೆ. ಮತ್ತೆ ಬೇಯಿಸಿ ಇನ್ನೂ ಅಗಲಿಸಿ ಒಬ್ಬನನ್ನು ಕುದುರೆ ಮೇಲೆ ಹತ್ತಿಸಿದೆ. ಅವನು ಕುದುರೆ ಮೇಲಿದ್ದ, ಅಷ್ಟೇ. ಕಾಲು ಎರಡೂ ಕಡೆ ಕೋಲಿನ ಹಾಗೆ ಸೆಟೆದು, ಮುಂಡ ಮುಂದಕ್ಕೆ ಬಾಗಿ, ತಂಗಿಯ ಮಗ ಹೇಳಿದ ಹಾಗೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವನಂತೆ ಇದ್ದ.

ಎರಡನೆಯ ರಾತ್ರಿ ಮೊಣಕಾಲನ್ನೂ ಬಗ್ಗಿಸಿದೆ. ತೊಡೆ ಅಡ್ಡಕ್ಕೆ, ಮೊಣಕಾಲ ಕೆಳಗೆ ನೆಟ್ಟಗೆ, ಕುರ್ಚಿಯಲ್ಲಿ ಕೂರುತ್ತೇವಲ್ಲ ಹಾಗೆ. ಈಗ ಅವನು ಸಲೂನಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ.

ಮಾರನೇ ದಿನ ಆಫೀಸಿನಿಂದ ಬರುವಾಗ ಕಬ್ಬನ್ ಪಾರ್ಕಿನಲ್ಲಿ ಇಳಿದೆ. ಹಿಂದೆ ಹೈಕೋರ್ಟ್ ಮುಂದಿದ್ದು 2020ರಲ್ಲಿ ಪಾರ್ಕಿನೊಳಕ್ಕೆ ಬಂದ, ಕುದುರೆ ಏರಿದ ಹಳೇ ಮೈಸೂರು ಕಮಿಷನರ್ ಮಾರ್ಕ್ ಕಬ್ಬನ್ ಅವರ ಪ್ರತಿಮೆ ಇದೆಯಲ್ಲ, ಮರೊಕೆಟ್ಟಿ ಎಂಬ ಶಿಲ್ಪಿ ಮಾಡಿದ್ದು, ಅದನ್ನು ನೋಡಲು. ಇಷ್ಟು ವರ್ಷ ಅದರ ಪಕ್ಕದಲ್ಲಿ ಓಡಾಡಿದವನು ಆವತ್ತು ಮೊದಲ ಸಲ ಅವರ ಸೊಂಟ ನೋಡಿದೆ. ಸುತ್ತು ಬಂದು ಬಂದು ನೋಡಿದೆ, ಒಬ್ಬ ಸೆಕ್ಯೂರಿಟಿಯವರು ನನ್ನನ್ನೇ ನೋಡತೊಡಗಿದರು. ಸವಾರ ಕುರ್ಚಿಯಲ್ಲಿ ಕೂತ ಹಾಗೆ ಕೂರುವುದಿಲ್ಲ. ಅವನ ತೊಡೆ ಓರೆಯಾಗಿ ಕೆಳಕ್ಕೆ ಇಳಿದಿರುತ್ತದೆ; ಭುಜ, ಸೊಂಟ, ಹಿಮ್ಮಡಿ ಹೆಚ್ಚುಕಮ್ಮಿ ಒಂದೇ ನೂಲಿನಲ್ಲಿ ಬರುತ್ತವೆ. ಕುದುರೆಯನ್ನು ಅವನ ಕೆಳಗಿನಿಂದ ಎಳೆದುಬಿಟ್ಟರೆ ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡು ನೆಲದ ಮೇಲೆ ನಿಂತಿರುತ್ತಾನೆ. ಅಂದರೆ ನಾನು ಅವರನ್ನು ಬೇಕಾದ್ದಕ್ಕಿಂತ ಹೆಚ್ಚು ಕೂರಿಸುತ್ತಿದ್ದೆ! ರಾಯರ ರಾವುತರಿಗೆ ಕೂರುವುದನ್ನು ಬ್ರಿಟಿಷ್ ಕಮಿಷನರ್ ಹೇಳಿಕೊಡಬೇಕಾಗಿ ಬಂತು, ಏನು ಮಾಡುವುದು.

ಆದರೆ ಆ ಓರೆ ಬಿಸಿನೀರಿಗೆ ಬಗ್ಗಲಿಲ್ಲ. ಮೂರನೆಯ ರಾತ್ರಿ ಕಟ್ಟರ್ ಕೈಗೆತ್ತಿಕೊಂಡೆ. ಕೌಬಾಯ್‌ಗಳ ಕಾಲು ಅಚ್ಚಿನಲ್ಲೇ ಸರಿಯಾಗಿ ಬಿಲ್ಲಿನಂತೆ ಬಾಗಿತ್ತು, ಆದರೆ ಮೇಲ್ಗಡೆ ಅಗಲ ಅಂಚಿನ ಹ್ಯಾಟು, ಬೀಸುವ ಹಗ್ಗ. ಸಿಪಾಯಿಗಳ ಮೇಲ್ಗಡೆ ಚೆನ್ನ, ಕಾಲು ಕೆಲಸಕ್ಕೆ ಬಾರದ್ದು. ಎರಡನ್ನೂ ಬೆಲ್ಟಿನ ಗೆರೆಯಲ್ಲಿ ಕತ್ತರಿಸಿ ಇವನ ಮೇಲು ಅವನ ಕೆಳಗು ಸೇರಿಸಿದೆ. ಎರಡು ಸೆಕೆಂಡಿನಲ್ಲಿ ಕೈಬೆರಳನ್ನು ಅಂಟಿಸುವ ಅಂಟು ಪಾಲಿಥೀನನ್ನು ಅಂಟಿಸುವುದಿಲ್ಲ. ಜಿಡ್ಡು ಜಿಡ್ಡಾದ ಪ್ಲಾಸ್ಟಿಕ್ ಅದು, ಯಾವ ಅಂಟನ್ನೂ ಹತ್ತಿರ ಸೇರಿಸದು. ಹಾಗಾಗಿ ಗುಂಡುಪಿನ್ನಿನ ತಲೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಗೆ ಕಾಯಿಸಿ, ಕೆಳಗಿನ ತುಂಡಿನ ನಡುವಿಗೆ ಚುಚ್ಚಬೇಕು. ಚುಂಯ್ ಅನ್ನುತ್ತದೆ. ಆರಿದ ಮೇಲೆ ಪ್ಲಾಸ್ಟಿಕ್ಕೇ ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಹೊರಗೆ ಉಳಿದ ತುದಿಯನ್ನು ಮತ್ತೆ ಕಾಯಿಸಿ ಮೇಲಿನ ತುಂಡನ್ನು ಅದರ ಮೇಲೆ ಒತ್ತುವುದು. ಒತ್ತುವ ಹೊತ್ತಿಗೆ ಮುಂಡವನ್ನು ಒಂದು ಎಳ್ಳುಕಾಳಿನಷ್ಟು ಪಕ್ಕಕ್ಕೆ ತಿರುಗಿಸಿದರೆ ಅವನಿಗೆ ಜೀವ ಬರುತ್ತದೆ. ಈಟಿ ಎತ್ತಿದ ಕಡೆಗೆ ಸೊಂಟವೂ ಹೊರಳಬೇಕಲ್ಲ. ಕಿಟಕಿ ತೆರೆದಿಟ್ಟುಕೊಂಡು ಮಾಡಿ, ಸುಟ್ಟ ಪ್ಲಾಸ್ಟಿಕ್ ವಾಸನೆ ಒಳ್ಳೆಯದಲ್ಲ. ಹುಡುಗರ ಕೈಗೆ ಈ ಕೆಲಸ ಕೊಡಬೇಡಿ.

ರಾತ್ರಿ ಒಂದೂವರೆಗೆ ಗ್ರೆನೇಡಿನವನು ಕೌಬಾಯ್ ಕಾಲಿನ ಮೇಲೆ ಕುದುರೆ ಏರಿದ. ಕೂತ. ನಿಜವಾಗಿ ಕೂತ. ಎಬ್ಬಿಸಿ ತೋರಿಸೋಣವೆಂದರೆ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಸೊಂಟದ ಸೀಳು ಮುಚ್ಚಲು ಎಂ-ಸೀಲ್. ಟ್ಯಾಂಕಿನ ಸೋರಿಕೆಗೆ ಹಾಕುವ ಅದೇ ಎಂ-ಸೀಲ್. ಹೊರದೇಶದ ಹವ್ಯಾಸಿಗಳು ಇದಕ್ಕೆಂದೇ ದುಬಾರಿ ಪುಟ್ಟಿ ತರಿಸುತ್ತಾರೆ, ನಮಗೆ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿ ಸಾಕು. ಎರಡು ಬಣ್ಣದ ಉಂಡೆಯನ್ನು ಒಂದೇ ಬೂದುಬಣ್ಣ ಆಗುವ ತನಕ ನಾದಬೇಕು. ಕೈಗೆ ಗ್ಲೌಸ್ ಇರಲಿ, ಬೆರಳ ತುದಿ ಒದ್ದೆ ಇರಲಿ, ಇಲ್ಲದಿದ್ದರೆ ರಾವುತನಿಗಿಂತ ಮೊದಲು ನಿಮಗೇ ಮೆತ್ತಿಕೊಳ್ಳುತ್ತದೆ. ಚಕ್ಕುಲಿ ಎಳೆಯಂತೆ ಸಣ್ಣಗೆ ಹೊಸೆದು ಸೀಳಿನ ಸುತ್ತ ಸುತ್ತಿದರೆ ನಡುಕಟ್ಟು ಆಗುತ್ತದೆ. ಸೂಜಿಯಲ್ಲಿ ನಾಲ್ಕು ಗೆರೆ ಎಳೆದರೆ ಬಟ್ಟೆಯ ಮಡಿಕೆ.

ಉಡುಪಿಗೆ ಸಿನಿಮಾ ನೆಚ್ಚಿಕೊಂಡರೆ ಆಗುವುದಿಲ್ಲ ಅನ್ನಿಸಿ ಪಯಸ್‌ನನ್ನು ತೆಗೆದೆ. 1520ರ ಆಸುಪಾಸಿನಲ್ಲಿ ವಿಜಯನಗರ ಕಣ್ಣಾರೆ ಕಂಡ ಪೋರ್ಚುಗೀಸ ಡೊಮಿಂಗೊ ಪಯಸ್, ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಗೊಂಬೆ ಮಾಡುವವನಿಗೆಂದೇ ಪಯಸ್ ಬರೆದಿಟ್ಟ ಹಾಗಿದೆ. ಕುದುರೆಗಳಿಗೆ ಪೂರ್ತಿ ಜೂಲು, ಅಂದರೆ ಮೈ ಮೇಲೆ ಹೊದಿಸುವ ಅಲಂಕಾರದ ಬಟ್ಟೆ. ಹಣೆಗೆ ಬೆಳ್ಳಿಯ ತಗಡು, ಹೆಚ್ಚಿನವಕ್ಕೆ ಚಿನ್ನದ ನೀರು ಕುಡಿಸಿದ್ದು. ಬಣ್ಣಬಣ್ಣದ ರೇಷ್ಮೆ ಹುರಿಯ ಕುಚ್ಚು, ಲಗಾಮೂ ಅದರದೇ. ಕೆಲವು ಕುದುರೆಗಳ ಹಣೆಯ ಮೇಲೆ ಹಾವಿನ ತಲೆ, ಬೇರೆ ಪ್ರಾಣಿಗಳ ತಲೆ. ಸವಾರರಿಗೆ ಪದರ ಪದರವಾಗಿ ಹೊಲಿದ ಅಂಗಿ, ಒಳಗೆ ಗಟ್ಟಿ ತೊಗಲು, ಕಬ್ಬಿಣದ ಪಟ್ಟಿ, ಮೇಲೆ ಮಕಮಲ್ಲು. ಸೊಂಟದಲ್ಲಿ ಕತ್ತಿ, ಪುಟ್ಟ ಕೊಡಲಿ. ಕೈಯಲ್ಲಿ ಚಿನ್ನ ಬೆಳ್ಳಿ ಹೊದಿಸಿದ ಕೋಲಿನ ಈಟಿ.

ಪದರದ ಅಂಗಿ ಅಂದ ಕೂಡಲೇ ಸಮಾಧಾನವಾಯಿತು, ಕೌಬಾಯ್‌ನ ತೊಡೆಯ ಮೇಲಿನ ತೊಗಲನ್ನು ಅಂಗಿಯ ಸೆರಗು ಮಾಡಬಹುದಲ್ಲ. ಈಟಿಗೆ ಊದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರು. ನಮ್ಮ ದೇವರ ಮನೆಯಲ್ಲಿ ಅದಕ್ಕೆ ಬರವೇ ಇಲ್ಲ, ಈಟಿಗೂ ಸರಿಯಾದ ದಪ್ಪ. ಹಣೆಯ ತಗಡಿಗೆ ಮುಲಾಮಿನ ಅಲ್ಯೂಮಿನಿಯಂ ಟ್ಯೂಬು ಸೀಳಿ, ಒಣಗಿದ ಬಾಲ್‌ಪೆನ್ನಿನಿಂದ ಹಿಂಬದಿಯಲ್ಲಿ ಚುಕ್ಕಿ ಒತ್ತಿದರೆ ಮುಂದೆ ಹರಳು ಕೂರಿಸಿದ ಹಾಗೆ ಉಬ್ಬುತ್ತದೆ. ಜೂಲಿಗೆ ಟಿಶ್ಯೂ ಕಾಗದವನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಕುದುರೆ ಮೇಲೆ ಹೊದಿಸುವುದು. ಒದ್ದೆಯಿದ್ದಾಗ ಮಡಿಕೆ ಸರಿಮಾಡಿದರೆ ಒಣಗಿದ ಮೇಲೆ ಗರಿಗರಿ ನಿಲ್ಲುತ್ತದೆ. ಅಚ್ಚಿನಲ್ಲೇ ಬಂದಿದ್ದ ಕೌಬಾಯ್ ಜೀನು, ಬಂದೂಕಿನ ಚೀಲ, ಸುತ್ತಿದ ಹಗ್ಗ ಎಲ್ಲವೂ ಅದರಡಿ ಮುಚ್ಚಿಹೋದವು. ಅಂಚಿಗೆ ಅಮ್ಮನ ಹಳೇ ರವಿಕೆಯ ಜರಿಯ ಎಳೆ. ಹಾವಿನ ತಲೆ ಮಾತ್ರ ಕೈಕೊಟ್ಟಿತು. ಎಂ-ಸೀಲಿನಲ್ಲಿ ಮಾಡಿದ ನಾಗನ ಹೆಡೆ ನೋಡಿ ತಂಗಿಯ ಮಗ, ‘ಗಣೇಶ ಚೆನ್ನಾಗಿದ್ದಾನೆ’ ಅಂದ. ಅದನ್ನು ಕಿತ್ತೆ.

ತಲೆಗೆ ಹೆಲ್ಮೆಟ್ಟು ಕಿತ್ತುಹಾಕದೆ ಅದರ ಮೇಲೆಯೇ ಎಂ-ಸೀಲ್ ಏರಿಸಿ ಕುಲ್ಲಾಯಿ ಮಾಡಿದೆ. ತಿರುಮಲೆಯಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಕೃಷ್ಣದೇವರಾಯರ ಲೋಹದ ಮೂರ್ತಿ ನೋಡಿದ್ದರೆ ಆ ಉದ್ದನೆ ಟೊಪ್ಪಿ ನೆನಪಿರುತ್ತದೆ. ಎಲ್ಲರಿಗೂ ಅಷ್ಟುದ್ದ ಹಾಕುವ ಆಸೆಗೆ ಬಿದ್ದು ಮೊದಲ ಮೂವರು ತಲೆಭಾರವಾಗಿ ಕುದುರೆ ಸಮೇತ ಮುಗ್ಗರಿಸಿದರು. ಆಮೇಲೆ ಉದ್ದ ಟೊಪ್ಪಿ ರಾಯರೊಬ್ಬರಿಗೇ. ಉಳಿದವರಿಗೆ ಪೇಟ, ಮತ್ತು ಪ್ರತಿ ಪೀಠದಡಿ ಒಂದು ಹಳೇ ದಪ್ಪ ಐದು ರೂಪಾಯಿ ನಾಣ್ಯ.

ಬಣ್ಣದ ಕತೆ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಉರಿಯುತ್ತದೆ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಗೊಂಬೆಯ ಮೈಮೇಲೆ ಇರುತ್ತದೆ, ಪಾತ್ರೆ ಸೋಪಿನಲ್ಲಿ ತಿಕ್ಕಿ ತೊಳೆಯಬೇಕು. ನನಗೆ ಗೊತ್ತಿತ್ತು. ಆದರೂ ಅವಸರದಲ್ಲಿ ಮೂವರನ್ನು ತೊಳೆಯದೆ ಅಕ್ರಿಲಿಕ್ ಹೊಡೆದು ಟೆರೇಸಿನ ಬಿಸಿಲಿಗಿಟ್ಟೆ. ಸಂಜೆ ಮುಟ್ಟಿದರೆ ಬಣ್ಣ ಹಾವಿನ ಪೊರೆಯಂತೆ ಇಡಿಯಾಗಿ ಕೈಗೆ ಬಂತು. ಆಮೇಲೆ ಎಲ್ಲರಿಗೂ ಸ್ನಾನ, ತೆಳು ಫೆವಿಕಾಲಿನ ಒಂದು ಕೈ, ಅದು ಒಣಗಿದ ಮೇಲೆ ಬಣ್ಣ, ಮೇಲೆ ಮತ್ತೆ ಒಂದು ಕೈ. ಮುಖಕ್ಕೆ ಹೆಚ್ಚು ಕಷ್ಟಪಡಬೇಡಿ. ಸೂಜಿಮೊನೆಯಲ್ಲಿ ಮೀಸೆ ಎಳೆದರೆ ಅಷ್ಟಕ್ಕೇ ಅಮೆರಿಕ ಬಿಟ್ಟುಹೋಗುತ್ತದೆ.

ಹಬ್ಬಕ್ಕೆ ಹತ್ತು ದಿನ ಇದ್ದಾಗ ಯುದ್ಧ ನಿಂತುಹೋಯಿತು. ಒಂದು ಕಾರಣ ಕುದುರೆ. ಪ್ಯಾಕೆಟ್ಟಿನ ಅರ್ಧ ಕುದುರೆಗಳು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಹಾರುತ್ತಿದ್ದವು. ಓಡುವ ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆಗ ಕಾಲುಗಳು ಹೊಟ್ಟೆಯಡಿ ಮುದುಡಿರುತ್ತವೆ. 1878ರಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೊ ತೆಗೆದು ತೋರಿಸಿದ್ದಾನೆ. ಅದನ್ನು ತಿಳಿದ ಮೇಲೆ ಹಾರುವ ಕುದುರೆಯನ್ನು ನೋಡಲು ನನಗಾಗಲಿಲ್ಲ. ನಡೆಯುವ ಕುದುರೆಗಾಗಿ ಮತ್ತೆ ಮಾಮೂಲುಪೇಟೆಗೆ ಹೋಗಿ ಮೂರು ಪ್ಯಾಕೆಟ್ ತಂದೆ. ಈ ಸಲವೂ ಡಜನ್ ಅಲ್ಲ.

ಇನ್ನೊಂದು ಕಾರಣ ಅಮ್ಮ. ‘ನವರಾತ್ರೀಲಿ ಮನೇಲಿ ಯುದ್ಧ ಬೇಡ ಕಣೋ. ಒಂಬತ್ತು ದಿನ ಹೆಣ ನೋಡ್ಕೊಂಡು ಆರತಿ ಎತ್ತಲಾ?’ ಅಂದಳು. ತಂಗಿಯ ಮಗ ಮುಖ ಊದಿಸಿಕೊಂಡ. ನಾನು ಪಯಸ್‌ನ ಪುಟಗಳನ್ನು ಮತ್ತೆ ತಿರುವಿದಾಗಲೇ ಕಂಡದ್ದು: ಆ ಹಣೆಪಟ್ಟಿ, ಆ ಜೂಲು, ಆ ಮಕಮಲ್ಲು ಯಾವುದೂ ರಣರಂಗದ್ದಲ್ಲ. ಮಹಾನವಮಿ ಮುಗಿಸಿ ರಾಯರು ಸೈನ್ಯ ನೋಡಲು ಹೊರಟಾಗಿನದು. ನಾನು ಮೂರು ವಾರದಿಂದ ನವರಾತ್ರಿಯ ಮೆರವಣಿಗೆಯನ್ನೇ ಮಾಡುತ್ತಿದ್ದೆ, ಯುದ್ಧ ಅಂದುಕೊಂಡು. ರಾಯಚೂರನ್ನು ಕೈಬಿಟ್ಟೆವು.

ಬಂದೂಕು ಮಾತ್ರ ಇರಲೇಬೇಕೆಂದು ಹುಡುಗ ಹಟ ಹಿಡಿದ. ನ್ಯಾಯವೇ. ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೊವಾವೊ ಡಿ ಫಿಗೆರೆದೊ ಎಂಬ ಪೋರ್ಚುಗೀಸ ತನ್ನ 20 ಬಂದೂಕಿನವರೊಂದಿಗೆ ರಾಯರ ಪರವಾಗಿ ಗೋಡೆಯ ಮೇಲಿನವರಿಗೆ ಗುರಿಯಿಟ್ಟಿದ್ದ. ಹಾಗಾಗಿ ನಿಂತು ಗುಂಡು ಹಾರಿಸುವ ಮೂವರಿಗೆ ಅಗಲ ಟೊಪ್ಪಿ ಹಾಕಿ ಕೊನೆಯ ಸಾಲಿನಲ್ಲಿ ನಿಲ್ಲಿಸಿದೆವು. ಗುರಿ ನೇರ ಪಟ್ಟದ ಗೊಂಬೆಯ ಮೇಲೇ ಬೀಳುತ್ತಿದ್ದುದರಿಂದ ಬಿಸಿನೀರಲ್ಲಿ ಅದ್ದಿ ತೋಳನ್ನು ಆಕಾಶಕ್ಕೆ ಎತ್ತಿಸಿದೆ, ಕುಶಾಲತೋಪಿನ ಲೆಕ್ಕದಲ್ಲಿ.

ಈ ಗಡಿಬಿಡಿಯಲ್ಲಿ ಒಂದು ಅಪಘಾತವೂ ಆಯಿತು. ಒಣಗಲು ಬಾಗಿಲ ಬಳಿ ಇಟ್ಟ ಕುದುರೆಯೊಂದನ್ನು ಹುಡುಗ ತುಳಿದ. ಕಾಲು ಮೂರು ಮುರಿದು ಕತ್ತು ತಿರುಚಿಹೋಯಿತು, ನಾನು ದಾರದಿಂದ ಮಾಡಿ ಅಂಟಿಸಿದ್ದ ಬಾಲ ಮಾತ್ರ ನೆಟ್ಟಗಿತ್ತು. ಅಳುಮುಖ ಮಾಡಿಕೊಂಡು ಬಾಲ ಹಿಡಿದು ಬಂದ. ಬೈಯಲು ಬಾಯಿ ತೆರೆದವನಿಗೆ, ಪಯಸ್‌ನ ಹಾಗೇ ವಿಜಯನಗರದ ಬಗ್ಗೆ ಬರೆದ ಇನ್ನೊಬ್ಬ ಪೋರ್ಚುಗೀಸ ನೂನಿಜ್‌ನ ಮಾತು ನೆನಪಾಯಿತು. ರಾಯರಿಗಿಂತ ಮೊದಲು ವಿಜಯನಗರ ಆಳಿದ ಸಾಳುವ ನರಸಿಂಹನಿಗೆ ಕುದುರೆಯ ಮೇಲೆ ಎಷ್ಟು ಆಸೆಯೆಂದರೆ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಹುಡುಗ ಕೇಳಿಸಿಕೊಂಡು ಕಣ್ಣೊರೆಸಿಕೊಂಡು ಕೈ ಚಾಚಿದ: ‘ಹಾಗಾದ್ರೆ ದುಡ್ಡು ಕೊಡು.’ ಹತ್ತು ರೂಪಾಯಿ ಕೊಟ್ಟೆ. ಆ ಬಾಲ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಪಾಡ್ಯದ ದಿನ ಲೆಕ್ಕ ಹಾಕಿದರೆ 24ರ ಜಾಗದಲ್ಲಿ 11 ರಾವುತರು. ಒಬ್ಬೊಬ್ಬನಿಗೆ ಎರಡೂವರೆ ಸಂಜೆ ಬಿದ್ದಿತ್ತು. ಮೆಟ್ಟಿಲ ಮೇಲೆ ಅಮ್ಮನ ಅಜ್ಜಿ ಕಾಲದ ಪಟ್ಟದ ರಾಜ-ರಾಣಿ, ದಶಾವತಾರ, ಶೆಟ್ಟಿ-ಶೆಟ್ಟಮ್ಮನ ಅಂಗಡಿ. ಕೆಳಗೆ ರಾಗಿ ಹುಲ್ಲಿನ ನಡುವೆ ಕೆಮ್ಮಣ್ಣಿನ ದಾರಿ, ಥರ್ಮೋಕೋಲಿನ ಮಹಾನವಮಿ ದಿಬ್ಬ, ಅದರ ಮುಂದೆ ಇವರ ಸಾಲು. ರಾಯರ ಹಿಂದೆ ಔಷಧಿ ಬಾಟಲಿಯ ಮುಚ್ಚಳದ ಸತ್ತಿಗೆ. ಬಂದವರಲ್ಲಿ ಹೆಚ್ಚಿನವರು ‘ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?’ ಅಂದರು. ಮೇಲಿನ ಮನೆಯ ಅಜ್ಜಿಯೊಬ್ಬರು ಮಾತ್ರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಎಲ್ಲಾ ಸರಿ, ಈ ಐದನೇಯವನು ಬೂಟು ಹಾಕಿದ್ದಾನಲ್ಲಪ್ಪಾ, ಹಿಮ್ಮಡೀಲಿ ಮುಳ್ಳುಚಕ್ರ ಬೇರೆ’ ಅಂದರು. ಕೌಬಾಯ್ ಕಾಲು! ಉಳಿದ ಹತ್ತು ಜನರದನ್ನು ಅರದಿಂದ ಉಜ್ಜಿದ್ದೆ, ಅವನೊಬ್ಬ ತಪ್ಪಿಸಿಕೊಂಡಿದ್ದ. ಕುಂಕುಮದ ಬಟ್ಟಲು ಅವನ ಮುಂದೆ ಸರಿಸಿದೆ.

ವಿಜಯದಶಮಿ ರಾತ್ರಿ ಆರತಿ ಆದ ಮೇಲೆ ನಮ್ಮಲ್ಲಿ ಗೊಂಬೆ ಮಲಗಿಸುವ ಶಾಸ್ತ್ರ. ಪಟ್ಟದ ಗೊಂಬೆಗಳನ್ನು ಮೆಲ್ಲಗೆ ಅಡ್ಡ ಮಲಗಿಸಿ, ಮಾರನೇ ದಿನ ಪೆಟ್ಟಿಗೆಗೆ ಸೇರಿಸುವುದು. ಅಮ್ಮ ರಾಜ-ರಾಣಿಯನ್ನು ಮಲಗಿಸಿ, ಕೆಳಗೆ ಬಗ್ಗಿ ರಾಯರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಪಿನ್ನು ಚುಚ್ಚಿ ಕೂರಿಸಿದ್ದಲ್ಲವೇ, ಕುದುರೆಯೂ ಜೊತೆಗೇ ಎದ್ದು ಬಂತು.

‘ಇವರು ಇಳಿಯಲ್ವೇನೋ?’ ಅಂದಳು.

‘ಇಲ್ಲಮ್ಮ.’

ಸ್ವಲ್ಪ ಹೊತ್ತು ನೋಡಿ, ಕುದುರೆಯನ್ನೇ ಪಕ್ಕಕ್ಕೆ ಹೊರಳಿಸಿ, ರಾಯರನ್ನು ಅದರ ಸಮೇತ ರಾಗಿ ಹುಲ್ಲಿನ ಮೇಲೆ ಮಲಗಿಸಿದಳು.